ಅಪ್ಪ ಹೇಳದೇ ಇದ್ದ ಹತ್ತು ತಿಂಗಳು

2022ರ ಗೌರಿ ಹಬ್ಬ. ಬೆಳಿಗ್ಗೆ ಅಮ್ಮ ನನ್ನನ್ನು ಹಿತ್ತಲಿನ ಒಗೆಯೋ ಕಲ್ಲಿನ ಹತ್ತಿರ ಕರೆದು, ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ಈಗ ಅವ್ರ ಪಂಚೆ ಅವ್ರೇ ಒಗ್ಕೊತಾವ್ರೆ ಕಣೋ."

ಇದರಲ್ಲೇನಿದೆ ಅಂತ ನಿಮಗನ್ನಿಸಬಹುದು. ನಮ್ಮ ಮನೆಯಲ್ಲಿ ಅದು ದೊಡ್ಡ ಸುದ್ದಿ. ಅಪ್ಪನಿಗೆ ಆಗ 59 ವರ್ಷ. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಒಂದು ಕರ್ಚೀಫನ್ನೂ ಒಗೆದವರಲ್ಲ. ಅಂಥವರು ಎರಡು ತಿಂಗಳಿಂದ ಬೆಳಗಿನ ಜಾವವೇ ಎದ್ದು, ಯಾರೂ ನೋಡುವ ಮೊದಲು ಪಂಚೆ, ಚಡ್ಡಿ ಒಗೆದು ತೋಟದ ಕಡೆ ಒಣಗಿಹಾಕುತ್ತಿದ್ದರಂತೆ.

"ಒಂದಿನ ಕಲೆ ನೋಡ್ದೆ. ಕೇಳಿದ್ರೆ ರೇಗ್ತಾರೆ. ನೀನು ಗಂಡ್ಸು, ನೀನೇ ಕೇಳು," ಅಂದಳು ಅಮ್ಮ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಮುಲಾಜಿಲ್ಲದೆ ಹೇಳೋದೇ ನನ್ನ ಸಂಬಳದ ಕೆಲಸ. ಆದರೆ ಅಪ್ಪನ ಮುಂದೆ ನಿಂತು "ಅಲ್ಲಿ ಏನಾಗಿದೆ" ಅಂತ ಕೇಳೋಕೆ ನನಗೆ ಎರಡು ದಿನ ಬೇಕಾಯ್ತು. ಮೂರನೇ ದಿನ ತೋಟದ ಮೋಟಾರ್ ಮನೆ ಹತ್ತಿರ ಇಬ್ಬರೇ ಇದ್ದಾಗ ಕೇಳಿದೆ. ಅಪ್ಪ ನನ್ನ ಮುಖ ನೋಡಲಿಲ್ಲ. ಬೀಡಿ ಆರಿಸಿ, ತೆಂಗಿನ ಮರ ನೋಡುತ್ತಾ ಹೇಳಿದರು: "ಒಂದು ಹುಣ್ಣಾಗೈತೆ ಕಣಪ್ಪ. ದೀಪಾವಳಿ ಟೈಮಿಂದ."

ದೀಪಾವಳಿ ಇನ್ನೂ ಬರಬೇಕಿತ್ತು. ಅಂದರೆ ಅವರು ಹೇಳಿದ್ದು ಹಿಂದಿನ ವರ್ಷದ್ದು. ಹತ್ತು ತಿಂಗಳು!

ಆ ಹತ್ತು ತಿಂಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ" ಅಂತ ಮುಲಾಮು ತಂದಿದ್ದರು, ಒಂದಲ್ಲ ನಾಲ್ಕು ಟ್ಯೂಬ್. ಪಕ್ಕದ ಊರಿನ ಒಂದು ಕ್ಲಿನಿಕ್ಕಿಗೂ ಹೋಗಿದ್ದರು. ಅಲ್ಲಿ "ಶುಗರ್ ಇದೆಯಲ್ಲ, ಅದಕ್ಕೇ ಇನ್‌ಫೆಕ್ಷನ್" ಅಂತ ಮಾತ್ರೆ ಬರೆದುಕೊಟ್ಟರಂತೆ. ಪಂಚೆ ತೆಗೆಸಿ ನೋಡಲಿಲ್ಲ. ಅಪ್ಪನೂ ತೋರಿಸಲಿಲ್ಲ. ಇಬ್ಬರಿಗೂ ಅದೇ ಸಲೀಸಾಗಿತ್ತು.

ಅಪ್ಪನಿಗೆ ಚಿಕ್ಕ ವಯಸ್ಸಿನಿಂದಲೂ ಶಿಶ್ನದ ಮುಂದೊಗಲು ಬಿಗಿ, ಹಿಂದಕ್ಕೆ ಸರಿಯುತ್ತಿರಲಿಲ್ಲ. ಹಾಗಾಗಿ ಹುಣ್ಣು ಹುಟ್ಟಿದ್ದು ಅವರ ಕಣ್ಣಿಗೇ ಕಂಡಿರಲಿಲ್ಲ. ಮೊದಲು ಕಂಡದ್ದು ಕೆಟ್ಟ ವಾಸನೆಯ ಕೀವು, ಆಮೇಲೆ ಪಂಚೆ ಮೇಲೆ ರಕ್ತದ ಕಲೆ.

ಇಲ್ಲಿ 'ಶಿಶ್ನ' ಅಂತ ಬರೆಯೋಕೂ ನಾನು ಸ್ವಲ್ಪ ತಡೆದೆ. ನೋಡಿ, ಆ ಅಂಗವನ್ನು ಹಿಡಿದು ಬೈಯೋಕೆ ನಮ್ಮ ಕಡೆ ಬೇಕಾದಷ್ಟು ಮಾತಿದೆ. ಬಸ್ ಸ್ಟ್ಯಾಂಡಲ್ಲಿ ಐದು ನಿಮಿಷ ನಿಂತರೆ ಸಾಕು, ಕಿವಿಗೆ ಬೀಳುತ್ತವೆ. ಆದರೆ ಅಲ್ಲಿ ನೋವಾದರೆ ಹೆಂಡತಿಗೋ ಮಗನಿಗೋ ಡಾಕ್ಟರಿಗೋ ಹೇಳೋಕೆ ಒಂದು ಸಭ್ಯ ಪದ ಅಪ್ಪನ ಬಾಯಲ್ಲಿ ಇರಲಿಲ್ಲ. "ಕೆಳಗಡೆ", "ಅಲ್ಲಿ", "ಒಂದಕ್ಕೆ ಹೋಗೋ ಜಾಗ". ಹತ್ತು ತಿಂಗಳು ಈ ಮೂರು ಪದಗಳ ಹಿಂದೆ ಒಂದು ಕ್ಯಾನ್ಸರ್ ಬಚ್ಚಿಟ್ಟುಕೊಂಡಿತ್ತು.

ಬೆಂಗಳೂರಿನ ಯುರಾಲಜಿಸ್ಟ್ ಪರೀಕ್ಷೆ ಮಾಡೋಕೆ ತಗೊಂಡಿದ್ದು ಐದು ನಿಮಿಷ. ಹುಣ್ಣು ನೋಡಿದರು. ಆಮೇಲೆ ಎರಡೂ ತೊಡೆಸಂದುಗಳನ್ನು ಬೆರಳಿಂದ ಒತ್ತಿ ಒತ್ತಿ ನೋಡಿದರು. ಬಲಗಡೆ ಬೆರಳು ನಿಂತಿತು. ಅಲ್ಲೊಂದು ಸಣ್ಣ ಗಂಟು. ನನಗೆ ಅದರ ಅರ್ಥ ಆಗ ಗೊತ್ತಾಗಲಿಲ್ಲ. ಮುಂದೊಗಲನ್ನು ಸ್ವಲ್ಪ ಸೀಳಿ ಬಯಾಪ್ಸಿ ತೆಗೆದರು. ಸ್ಕ್ಯಾನ್ ಆಯ್ತು. ಗಂಟಿನಿಂದ ಸೂಜಿಯಲ್ಲಿ ಸ್ಯಾಂಪಲ್ ತೆಗೆದರು. ರಿಪೋರ್ಟ್‌ನಲ್ಲಿ ಬರೆದಿತ್ತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಗಂಟಿನಲ್ಲೂ ಅದೇ ಜೀವಕೋಶಗಳು.

ಅಂದರೆ ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಕ್ಯಾನ್ಸರ್. ಶಿಶ್ನದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 95ರಷ್ಟು ಇದೇ ಜಾತಿಯವು. ಇದು ಅಪರೂಪದ ಕಾಯಿಲೆ. 2020ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 36 ಸಾವಿರ ಹೊಸ ಪ್ರಕರಣಗಳು ಅಂತ ಅಂದಾಜು. ಅಮೆರಿಕ, ಯುರೋಪಿನಲ್ಲಿ ತೀರಾ ಕಡಿಮೆ. ನಮ್ಮಂಥ ದೇಶಗಳಲ್ಲಿ, ಅದರಲ್ಲೂ ಹಳ್ಳಿಗಳ ಕಡೆ, ಸ್ವಲ್ಪ ಜಾಸ್ತಿ. ಅಪರೂಪ ಅನ್ನೋದೇ ಇದರ ಇನ್ನೊಂದು ತೊಂದರೆ. ಸ್ತನ ಕ್ಯಾನ್ಸರ್ ಬಗ್ಗೆ ಬಸ್ಸಿನ ಹಿಂದೆ ಜಾಹೀರಾತು ಇರುತ್ತೆ, ಬಾಯಿ ಕ್ಯಾನ್ಸರ್ ಬಗ್ಗೆ ಸಿನಿಮಾ ಶುರುವಾಗೋ ಮುಂಚೆ ತೋರಿಸ್ತಾರೆ. ಇದರ ಬಗ್ಗೆ ನಾನಂತೂ ಎಲ್ಲೂ ಓದಿರಲಿಲ್ಲ.

ಆಪರೇಷನ್ ಮಾಡಬೇಕಿದ್ದ ಕ್ಯಾನ್ಸರ್ ಸರ್ಜನ್ ಒಬ್ಬರು ಮೇಡಂ. ಹೆಂಗಸು ಅಂತ ಗೊತ್ತಾದ ತಕ್ಷಣ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಮೇಡಂ ನಗಲಿಲ್ಲ, ಬೈಯಲಿಲ್ಲ. "ಯಜಮಾನ್ರೇ, ನಾನು ಇಂಥದ್ದು ವಾರಕ್ಕೊಂದು ನೋಡ್ತೀನಿ. ನಿಮಗೆ ಮೊದಲನೇ ಸಲ, ನನಗಲ್ಲ," ಅಂದರು. ಅಪ್ಪ ಕೂತರು.

ಅವರು ಒಂದು ಹಾಳೆಯಲ್ಲಿ ಚಿತ್ರ ಬರೆದು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಹೇಳ್ತೀನಿ. ಈ ಕ್ಯಾನ್ಸರ್ ಚರ್ಮದ ಮೇಲ್ಪದರ ದಾಟದೆ ಇದ್ದಾಗ ಸಿಕ್ಕರೆ ಹಚ್ಚೋ ಕ್ರೀಮಿನಲ್ಲೋ ಲೇಸರ್‌ನಲ್ಲೋ ವಾಸಿ ಮಾಡಬಹುದು. ಮುಂದೊಗಲಲ್ಲಿ ಮಾತ್ರ ಇದ್ದರೆ ಅದನ್ನಷ್ಟೇ ಕತ್ತರಿಸಿ ತೆಗೆದರೆ ಎಷ್ಟೋ ಸಲ ಸಾಕು. ಇನ್ನೂ ಒಳಗೆ ಇಳಿದಿದ್ದರೆ ತುದಿಯ ಭಾಗ ತೆಗೀಬೇಕು. ಕೆಲವರಿಗೆ ರೇಡಿಯೇಷನ್ ಮೂಲಕ ಅಂಗ ಉಳಿಸೋ ದಾರಿಯೂ ಇದೆ. ಪೂರ್ತಿ ಹರಡಿದ್ದರೆ ಪೂರ್ತಿ ತೆಗೆಯೋದೊಂದೇ ದಾರಿ. ಹಿಂದೆ ಗಡ್ಡೆಯ ಸುತ್ತ ಎರಡು ಸೆಂಟಿಮೀಟರ್ ಆರೋಗ್ಯವಾಗಿದ್ದ ಭಾಗವನ್ನೂ ಸೇರಿಸಿ ಕತ್ತರಿಸುತ್ತಿದ್ದರಂತೆ. ಈಗ ಕೆಲವೇ ಮಿಲಿಮೀಟರ್ ಸಾಕು ಅಂತ ಗೊತ್ತಾಗಿರೋದರಿಂದ ಉಳಿಸಬಹುದಾದಷ್ಟು ಉಳಿಸ್ತಾರೆ.

"ಆದ್ರೆ ಜೀವ ಉಳಿಯುತ್ತಾ ಇಲ್ವಾ ಅನ್ನೋದು ಹೆಚ್ಚಾಗಿ ನಿಂತಿರೋದು ಇಲ್ಲಿ," ಅಂತ ಅವರು ಚಿತ್ರದಲ್ಲಿ ತೊಡೆಸಂದಿಯ ಹತ್ತಿರ ಎರಡು ಸುತ್ತು ಹಾಕಿದರು. ಈ ಕ್ಯಾನ್ಸರ್ ಸಾಮಾನ್ಯವಾಗಿ ಎಲ್ಲೆಂದರಲ್ಲಿ ಹಾರೋದಿಲ್ಲ. ಮೊದಲು ತೊಡೆಸಂದಿಯ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ಕಿಬ್ಬೊಟ್ಟೆಯೊಳಗಿನ ಗ್ರಂಥಿಗಳಿಗೆ, ಆಮೇಲೆ ದೂರಕ್ಕೆ. ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ. ಹಾಗಾಗಿ ಯಾವ ಮೆಟ್ಟಿಲಲ್ಲಿ ಹಿಡಿದೆವು ಅನ್ನೋದೇ ಮುಖ್ಯ.

ಸಂಖ್ಯೆ ಬೇಕು ಅಂತ ನಾನೇ ಹಟ ಮಾಡಿದೆ. ಅಮೆರಿಕದ ಲೆಕ್ಕ ಹೇಳಿದರು. ಹುಟ್ಟಿದ ಜಾಗದಲ್ಲೇ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಜನ ಐದು ವರ್ಷ ದಾಟ್ತಾರೆ. ಅಕ್ಕಪಕ್ಕದ ಗ್ರಂಥಿಗಳಿಗೆ ಹೋಗಿದ್ದರೆ ಸುಮಾರು 50. ದೂರದ ಅಂಗಗಳಿಗೆ ಹೋಗಿದ್ದರೆ 10ರ ಆಸುಪಾಸು. "ಆದ್ರೆ ಆ 50 ಅನ್ನೋದು ಒಂದೇ ಗುಂಪಲ್ಲ. ಒಂದೇ ಗಂಟಿದ್ದು, ಅದರ ಗೋಡೆ ಒಡೆದು ಹೊರಗೆ ಬಂದಿಲ್ಲ ಅಂದ್ರೆ ಅವರ ಕಥೆ ಬೇರೆ, ತುಂಬಾ ಚೆನ್ನಾಗಿರುತ್ತೆ. ನಿಮ್ಮಪ್ಪ ಯಾವ ಗುಂಪು ಅಂತ ಆಪರೇಷನ್ ಆದ್ಮೇಲೇ ಗೊತ್ತಾಗೋದು."

ನಾನು ಫೋನಲ್ಲಿ ಆ ಸಂಖ್ಯೆ ಟೈಪ್ ಮಾಡಿಕೊಳ್ಳುತ್ತಿದ್ದೆ. ಅಪ್ಪ ಅಷ್ಟೂ ಹೊತ್ತು ಚಿತ್ರವನ್ನೇ ನೋಡುತ್ತಿದ್ದವರು ಕೇಳಿದರು: "ತೆಂಗಿನ ಮರಕ್ಕೆ ರಸ ಸೋರೋ ರೋಗ ಬರ್ತದಲ್ಲ ಮೇಡಂ, ಹಂಗೆ ಅನ್ನಿ. ಕಾಂಡದಲ್ಲಿ ಒಂದು ಕಡೆ ಇದ್ದಾಗ ಕೆತ್ತಿ ತೆಗೆದು ಬೋರ್ಡೋ ಪೇಸ್ಟ್ ಬಳುದ್ರೆ ಮರ ಉಳ್ಕೊತದೆ. ಬಿಟ್ರೆ ಇಲ್ಲ."

"ಹಾಗೇ," ಅಂದರು ಮೇಡಂ.

"ಹಂಗಾದ್ರೆ ನಾನು ಬಿಟ್ಟಿದ್ದು ಜಾಸ್ತಿ ಆಯ್ತು," ಅಂದರು ಅಪ್ಪ. ಇಡೀ ಕಾಯಿಲೆಯಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ಮೊದಲ ಆಪರೇಷನ್‌ನಲ್ಲಿ ಶಿಶ್ನದ ಮುಂಭಾಗ ತೆಗೆದರು. ನಾಲ್ಕನೇ ದಿನ ಕ್ಯಾಥೆಟರ್ ಸಮೇತ ನನ್ನ ರೂಮಿಗೆ ಬಂದರು. ಅದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ನಿಜವಾದ ಕಷ್ಟ ಎರಡನೆಯದು, ಎರಡೂ ತೊಡೆಸಂದುಗಳ ಗ್ರಂಥಿಗಳನ್ನು ತೆಗೆದದ್ದು. ಗಾಯದ ಅಂಚು ಒಂದು ಕಡೆ ಕಪ್ಪಾಗಿ ಬಿಟ್ಟುಕೊಂಡಿತು. ಡ್ರೇನ್ ಪೈಪಿನಲ್ಲಿ ವಾರಗಟ್ಟಲೆ ನೀರು ಬರುತ್ತಿತ್ತು. ದಿನಾ ಎಷ್ಟು ಮಿಲಿ ಅಂತ ಅಳೆದು ಬರೆದಿಡೋದು ನನ್ನ ಕೆಲಸ. ಆಫೀಸಿನ ಮೀಟಿಂಗ್ ಮ್ಯೂಟ್ ಮಾಡಿ ಡ್ರೇನ್ ಖಾಲಿ ಮಾಡಿ ಬರುತ್ತಿದ್ದೆ.

ಮೊದಲ ದಿನ ಡ್ರೆಸ್ಸಿಂಗ್ ಬದಲಿಸುವಾಗ ಅಪ್ಪ ಮುಖಕ್ಕೆ ಟವೆಲ್ ಹಾಕಿಕೊಂಡಿದ್ದರು. ಎರಡನೇ ದಿನವೂ. ಐದನೇ ದಿನವೋ ಆರನೇ ದಿನವೋ ಟವೆಲ್ ತೆಗೆದು, "ಲೋ, ಅಲ್ಲಿ ಪ್ಲಾಸ್ಟರು ಬಿಗಿ ಆಗೈತೆ ನೋಡು," ಅಂದರು. ನನ್ನ ಜೀವನದಲ್ಲಿ ಅಪ್ಪ ನನ್ನ ಹತ್ತಿರ ತಮ್ಮ ದೇಹದ ಬಗ್ಗೆ ಆಡಿದ ಮೊದಲ ಮಾಮೂಲಿ ಮಾತು ಅದು.

ಪೆಥಾಲಜಿ ರಿಪೋರ್ಟ್ ಬಂತು. ಬಲಗಡೆ ಒಂದೇ ಒಂದು ಗ್ರಂಥಿಯಲ್ಲಿ ಕ್ಯಾನ್ಸರ್, ಗೋಡೆ ಒಡೆದಿಲ್ಲ. ಎಡಗಡೆ ಏನೂ ಇಲ್ಲ. ಕಿಬ್ಬೊಟ್ಟೆ ತೆರೆಯೋದೂ ಬೇಡ, ಕೀಮೋನೂ ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡೋಣ ಅಂದರು. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಚೆಕಪ್. ಮರುಕಳಿಸೋದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಅಂತೆ. ಆ ಎರಡು ವರ್ಷ ದಾಟಿದ್ದೀವಿ.

ಅದೇ ವಾರ್ಡಿನಲ್ಲಿ ಪಕ್ಕದ ಬೆಡ್‌ನಲ್ಲಿ ಒಬ್ಬ ಆಟೋ ಡ್ರೈವರ್ ಇದ್ದರು, ನಲವತ್ತೈದರ ಒಳಗಿನ ವಯಸ್ಸು. ಅವರು ಎರಡು ವರ್ಷ ಮುಚ್ಚಿಟ್ಟಿದ್ದರು. ತೊಡೆಸಂದಿಯ ಗಂಟು ನಿಂಬೆಹಣ್ಣಿಗಿಂತ ದೊಡ್ಡದಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಅವರಿಗೆ ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿದರೆ ಮಾತ್ರ ಆಪರೇಷನ್. ಅಂಗ ಪೂರ್ತಿ ತೆಗೆದು, ಮೂತ್ರಕ್ಕೆ ವೃಷಣದ ಕೆಳಗೆ ಬೇರೆ ದಾರಿ ಮಾಡಬೇಕಾಗುತ್ತೆ ಅಂತ ಹೇಳಿದ್ದರು. ಅವರ ಹೆಂಡತಿ ನಮ್ಮಮ್ಮನ ಹತ್ತಿರ, "ಹೇಳಿದ್ರೆ ನಾನು ಅನುಮಾನ ಪಡ್ತೀನಿ ಅಂತ ಹೇಳ್ಲಿಲ್ವಂತೆ ಅಕ್ಕಾ," ಅಂತ ಅತ್ತರು. ಕೆಟ್ಟ ಸಹವಾಸದ ಕಾಯಿಲೆ ಅಂದುಕೊಳ್ಳುತ್ತಾರೆ ಅನ್ನೋ ಭಯ. ಒಂದು ಹುಣ್ಣಿನ ಜತೆ ಅಷ್ಟೆಲ್ಲ ಅಂಟಿಕೊಂಡಿರುತ್ತೆ.

ಹಾಗಾದರೆ ಇದು ಯಾಕೆ ಬರುತ್ತೆ? ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಎಚ್‌ಪಿವಿ ಅನ್ನೋ ವೈರಸ್ ಇರುತ್ತೆ. ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತರುವುದೂ ಅದೇ. ಅದು ಎಷ್ಟು ಸಾಮಾನ್ಯ ಅಂದರೆ, ಅದು ಇದ್ದ ಮಾತ್ರಕ್ಕೆ ಯಾರ ನಡತೆಯನ್ನೂ ಅಳೆಯೋಕಾಗಲ್ಲ. ಉಳಿದ ಪ್ರಕರಣಗಳಲ್ಲಿ ಬಿಗಿಯಾದ ಮುಂದೊಗಲು, ಅದರೊಳಗೆ ವರ್ಷಾನುಗಟ್ಟಲೆ ಉಳಿಯೋ ಉರಿಯೂತ, ಚರ್ಮ ಬೆಳ್ಳಗಾಗಿ ಗಟ್ಟಿಯಾಗುವ ಕೆಲವು ಕಾಯಿಲೆಗಳು. ಜತೆಗೆ ಬೀಡಿ, ಸಿಗರೇಟು, ತಂಬಾಕು. ಅಪ್ಪನಿಗೆ ಬಿಗಿ ಚರ್ಮ, ಬೀಡಿ ಎರಡೂ ಇದ್ದವು. ಬೀಡಿ ಈಗ ಬಿಟ್ಟಿದ್ದಾರೆ.

ಈಗ ನನ್ನ ವಿಷಯ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತೆ.

ಅಪ್ಪನ ಮೇಲೆ ನನಗೆ ತುಂಬಾ ಸಿಟ್ಟಿತ್ತು. 'ಹತ್ತು ತಿಂಗಳು ಯಾಕೆ ಹೇಳಲಿಲ್ಲ' ಅಂತ ಮನಸ್ಸಲ್ಲೇ ಬೈಯುತ್ತಿದ್ದೆ. ಒಂದು ಚೆಕಪ್‌ನಲ್ಲಿ ಮೇಡಂ "ಮುಂದೊಗಲು ಬಿಗಿ ಇದ್ರೆ ಮುಂಚೆನೇ ತೋರಿಸ್ಕೋಬೇಕು" ಅಂತ ಅಪ್ಪನಿಗೆ ಹೇಳುತ್ತಿದ್ದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ. ಯಾಕಂದರೆ ನನಗೂ ಅದೇ ತೊಂದರೆ. ಹೈಸ್ಕೂಲಿನಿಂದ. ಆಗ ನನಗೆ 29 ವರ್ಷ. ಬಿ.ಇ. ಓದಿದ್ದೆ, ಇನ್ಶೂರೆನ್ಸ್ ಇತ್ತು, ಆಫೀಸಿನ ಎದುರೇ ಆಸ್ಪತ್ರೆ ಇತ್ತು. ಅಪ್ಪ ಹತ್ತು ತಿಂಗಳು ಹೇಳಿರಲಿಲ್ಲ. ನಾನು ಹದಿನಾಲ್ಕು ವರ್ಷ ಹೇಳಿರಲಿಲ್ಲ.

ಮುಂದಿನ ವಾರ ಅಪಾಯಿಂಟ್‌ಮೆಂಟ್ ತಗೊಂಡೆ. ರಿಸೆಪ್ಷನ್‌ನಲ್ಲಿ "ಏನು ಪ್ರಾಬ್ಲಂ ಸರ್?" ಅಂದಾಗ "ಜನರಲ್ ಚೆಕಪ್" ಅಂತ ಸುಳ್ಳು ಹೇಳಿದೆ. ಒಳಗೆ ಹೋಗಿ ನಿಜ ಹೇಳಿದೆ. ಕೆಲವರಿಗೆ ಡಾಕ್ಟರು ಬರೆದುಕೊಟ್ಟ ಮುಲಾಮಿನಲ್ಲೇ ಸರಿಹೋಗುತ್ತಂತೆ. ನನಗೆ ಹೋಗಲಿಲ್ಲ. ಸಣ್ಣ ಆಪರೇಷನ್ ಆಯ್ತು, ಬೆಳಿಗ್ಗೆ ಹೋಗಿ ಸಂಜೆ ಮನೆಗೆ. ಆಫೀಸಿಗೆ ಒಂದು ವಾರ ರಜೆ ಹಾಕಿದೆ. ಟೀಮಿನವರಿಗೆ "ಜ್ವರ" ಅಂದೆ. ಮುಂದೊಗಲು ಬಿಗಿ ಇದ್ದವರಿಗೆಲ್ಲ ಕ್ಯಾನ್ಸರ್ ಬರುತ್ತೆ ಅಂತ ಖಂಡಿತಾ ಅಲ್ಲ, ಬಹಳಷ್ಟು ಜನಕ್ಕೆ ಏನೂ ಆಗಲ್ಲ. ಆದರೆ ಒಳಗೆ ಏನಾಗ್ತಿದೆ ಅಂತ ಕಾಣದ ಜಾಗವನ್ನು ಕಾಣದೇ ಬಿಡೋದು ಬೇಡ, ಅಷ್ಟೇ.

ಅಪ್ಪ ಈಗ ಹೇಗಿದ್ದಾರೆ ಅಂತ ಕೇಳಿದರೆ, ಚೆನ್ನಾಗಿದ್ದಾರೆ ಅನ್ನೋದು ನಿಜ, ಮೊದಲಿನ ಹಾಗೇ ಇದ್ದಾರೆ ಅನ್ನೋದು ಸುಳ್ಳು. ಬಲಗಾಲು ಸಂಜೆ ಹೊತ್ತಿಗೆ ಊದಿಕೊಳ್ಳುತ್ತೆ, ಬಿಗಿಯಾದ ಸ್ಟಾಕಿಂಗ್ಸ್ ಹಾಕ್ಕೋಬೇಕು. ಕೊಬ್ಬರಿ ಅಟ್ಟ ಹತ್ತೋದು ನಿಲ್ಲಿಸಿದ್ದಾರೆ. ಮೂತ್ರಕ್ಕೆ ಕೂತೇ ಹೋಗ್ತಾರೆ, ನಿಂತರೆ ಚಿಮ್ಮುತ್ತೆ. ಗಂಡ ಹೆಂಡತಿ ವಿಷಯ ಮೇಡಂ ಅವರಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು, ನನ್ನನ್ನು ಹೊರಗೆ ಕಳಿಸಿದರು. ಬಸ್ಸಿನಲ್ಲಿ ಅಮ್ಮ, ನಾನು ಕೇಳದೇ ಇದ್ದರೂ, "ಅದನ್ನ ನಾವಿಬ್ರೂ ಮಾತಾಡ್ಕೊಂಡ್ವಿ ಬುಡು. ಜೀವ ಇದ್ರೆ ಸಾಕು," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನನಗೆ ಬೇಜಾರು ಅದಲ್ಲ. ಪಂಚೆ ಒಗೆಯೋ ನಂಗೂ ಹೇಳ್ಲಿಲ್ವಲ್ಲ," ಅಂದಳು.

ಈ ಅಂಕಣ ಓದೋರು ಬಹಳಷ್ಟು ಜನ ನನ್ನ ವಯಸ್ಸಿನವರು, ಅಪ್ಪ ಅಮ್ಮ ಊರಲ್ಲಿರೋರು. ನಿಮಗೆ ನಾಲ್ಕು ಮಾತು.

ಶಿಶ್ನದ ಮೇಲೆ ಹುಣ್ಣು, ಗಂಟು, ಕೆಂಪು ಅಥವಾ ಬಿಳಿ ಮಚ್ಚೆ, ರಕ್ತ, ಕೆಟ್ಟ ವಾಸನೆಯ ಕೀವು ಯಾವುದಾದರೂ ಎರಡು ಮೂರು ವಾರದಲ್ಲಿ ವಾಸಿಯಾಗದಿದ್ದರೆ ಯುರಾಲಜಿಸ್ಟ್ ಅಥವಾ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪ್ ಮುಲಾಮು ಹಚ್ಚುತ್ತಾ ಕೂರಬೇಡಿ. ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರಲ್ಲ, ಬರೀ ಇನ್‌ಫೆಕ್ಷನ್ ಆಗಿರುತ್ತೆ. ಆದರೆ ನೋಡದೇ ಹೇಳೋಕಾಗಲ್ಲ. ಡಾಕ್ಟರು ನೋಡದೇ ಮಾತ್ರೆ ಬರೆದರೆ "ಒಂದ್ಸಲ ನೋಡಿಬಿಡಿ" ಅಂತ ನೀವೇ ಹೇಳಿ.

ಮನೆಯಲ್ಲಿ ಒಂಬತ್ತು ವರ್ಷ ದಾಟಿದ ಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. 2023ರಲ್ಲಿ ಬಂದ ನಮ್ಮ ದೇಶದ್ದೇ ಸರ್ವಾವ್ಯಾಕ್ ಲಸಿಕೆಗೆ 9ರಿಂದ 26 ವರ್ಷದ ಹುಡುಗಿಯರಿಗೆ ಮಾತ್ರ ಅಲ್ಲ, ಹುಡುಗರಿಗೂ ಅನುಮತಿ ಇದೆ.

ಕಂಪನಿ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನ ಹೆಸರು ಇದೆಯಾ ಅಂತ ಇವತ್ತೇ ನೋಡಿ. ನಾವು ಉಳಿದದ್ದು ಅದರಿಂದ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಪಕ್ಕದ ಬೆಡ್‌ನವರ ಚಿಕಿತ್ಸೆ ಅದರಲ್ಲೇ ನಡೆಯಿತು.

ನಾಲ್ಕನೆಯದು, ಕೇಳಿ. ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ, ಮಳೆ ಬಂತಾ" ಆದ ಮೇಲೆ ಒಂದು ಸಲ ಇದನ್ನೂ ಕೇಳಿ. ಅಪ್ಪ ರೇಗಬಹುದು. ರೇಗಲಿ.

ಇದನ್ನು ಬರೆಯೋ ಮೊದಲು ಅಪ್ಪನ ಒಪ್ಪಿಗೆ ಕೇಳಿದೆ. "ಹೆಸ್ರು ಹಾಕ್ಬೇಡ, ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು. ಮಿಕ್ಕಿದ್ದು ಎಲ್ಲಾ ಬರಿ," ಅಂದರು. ಆದರೆ ಹೆಸರು ಹಾಕಬೇಡ ಅಂದವರೇ ಕಳೆದ ತಿಂಗಳು ಕೊಬ್ಬರಿ ಮಂಡಿಯಲ್ಲಿ ಒಬ್ಬ ಹಳೇ ಸ್ನೇಹಿತರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡುತ್ತಿದ್ದರು. ಅವರಿಗೂ ಅಂಥದ್ದೇ ಏನೋ ತೊಂದರೆಯಂತೆ, ಆರು ತಿಂಗಳಿಂದ. ನಾನು ಮೂಟೆ ತೂಕ ಹಾಕಿಸುತ್ತಾ ನಿಂತಿದ್ದವನಿಗೆ ಕೊನೇ ಮಾತು ಮಾತ್ರ ಕೇಳಿಸಿತು:

"ಮೊದ್ಲು ಹೋಗಿ ಡಾಕ್ಟ್ರಿಗೆ ತೋರ್ಸು ಮಾರಾಯ. ಆಮೇಲೆ ಬೇಕಾದಷ್ಟು ನಾಚ್ಕೊಳ್ಳುವಂತೆ."